ನಾಲೆಯ ಏರಿ ಕಾರಿಗಾಗಿ ಕಟ್ಟಿದ್ದಲ್ಲ

ನಾಲೆಯ ಏರಿ ರಸ್ತೆಯಲ್ಲ. ನೀರನ್ನು ಹಿಡಿದು ನಡೆಸುವುದಕ್ಕೆಂದು ಕಟ್ಟಿದ ಮಣ್ಣಿನ ಗೋಡೆ ಅದು. ಗೋಡೆಯ ನೆತ್ತಿ ಸಾಕಷ್ಟು ಅಗಲವಾಗಿರುವುದರಿಂದ ಅದರ ಮೇಲೆ ಜನ ನಡೆದಾಡುತ್ತಾರೆ, ದನಕರು ಸಾಗುತ್ತವೆ, ಸೈಕಲ್ಲು ಹೋಗುತ್ತದೆ. ಮಂಡ್ಯ ಸೀಮೆಯಲ್ಲಿ ಹುಟ್ಟಿ, ನಾಲೆಯ ನೀರು ಕುಡಿದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದಿರುವುದು ಸೋಜಿಗವೇ ಸರಿ. ಆದರೂ ಹೇಳಬೇಕಾಗಿದೆ. ಏಕೆಂದರೆ ನಮ್ಮೂರಿನ ಉಪನಾಲೆಯ ಏರಿಗೆ ಮೂರೂಕಾಲು ಕಿಲೋಮೀಟರ್ ಉದ್ದಕ್ಕೂ ಡಾಂಬರು ಹಾಕಿಸಿ, ಅದನ್ನು ಹೆದ್ದಾರಿ ಸೇರುವ ಅಡ್ಡದಾರಿಯಾಗಿ ಮಾಡಬೇಕೆಂದು ಅರ್ಜಿಯೊಂದು ಊರಿನಲ್ಲಿ ಮನೆಮನೆ ತಿರುಗುತ್ತಿದೆ.

ಅರ್ಜಿಯ ಮುಂದಾಳು ನನ್ನ ಶಿಷ್ಯನೇ. ಒಳ್ಳೆಯ ಹುಡುಗ, ಕೆಲಸಗಾರ, ಊರಿನ ಬಗ್ಗೆ ನಿಜವಾದ ಕಾಳಜಿಯುಳ್ಳವನು. ನಾನು ಸಹಿ ಹಾಕುವುದಿಲ್ಲವೆಂದಾಗ ಆತ, "ಮೇಷ್ಟ್ರೇ, ನೀವು ಬೆಳಿಗ್ಗೆ ಎದ್ದು ಸೈಕಲ್ ತುಳಿಯಾಕೆ ಅಂತ ಊರು ಉದ್ಧಾರ ಆಗೋದು ನಿಲ್ಬೇಕಾ?" ಎಂದು ಕೇಳಿದ. ಪ್ರಶ್ನೆ ನೇರವಾಗಿದೆ; ಉತ್ತರವೂ ನೇರವಾಗಿಯೇ ಇರಬೇಕು. ಜಗುಲಿಯ ಮೇಲೆ ಕುಳಿತು ವಾದಿಸಿದರೆ ದನಿ ಏರುತ್ತದೆ, ಅರ್ಥ ಇಳಿಯುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲಿಗೆ, ಈ ದಾರಿಯ ಗುಣವೇನೆಂಬುದನ್ನು ನೋಡೋಣ. ನದಿಯ ದಂಡೆಯ ಕಾಲುದಾರಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಹಳ್ಳ ಬಂದರೆ ಸುತ್ತುತ್ತದೆ, ಬಂಡೆ ಬಂದರೆ ತಪ್ಪಿಸಿಕೊಳ್ಳುತ್ತದೆ. ನಾಲೆಯ ದಾರಿ ಹಾಗಲ್ಲ. ನೀರು ತನ್ನಷ್ಟಕ್ಕೆ ತಾನೇ ಹರಿಯಬೇಕು, ಆದರೆ ರಭಸದಿಂದ ದಂಡೆಯನ್ನು ಕೊರೆಯಬಾರದು. ಅದಕ್ಕಾಗಿ ಇಂಜಿನಿಯರುಗಳು ಸಾವಿರಾರು ಅಡಿ ಉದ್ದಕ್ಕೆ ಒಂದೋ ಎರಡೋ ಅಡಿಯಷ್ಟು ಮಾತ್ರ ಇಳಿಜಾರು ಕೊಡುತ್ತಾರೆ. ದಿಣ್ಣೆ ಎದುರಾದರೆ ನಾಲೆ ಅದನ್ನು ಬಳಸಿಕೊಂಡು ಹೋಗುತ್ತದೆ, ಹಳ್ಳ ಎದುರಾದರೆ ಮೇಲ್ಗಾಲುವೆಯ ಮೇಲೆ ದಾಟುತ್ತದೆ, ತೀರ ಅನಿವಾರ್ಯವಾದರೆ ಹುಲಿಕೆರೆಯಲ್ಲಿ ಮಾಡಿದ ಹಾಗೆ ಗುಡ್ಡವನ್ನೇ ಕೊರೆದು ಸುರಂಗದಲ್ಲಿ ನುಗ್ಗುತ್ತದೆ. ನೀರಿಗಾಗಿ ಪಟ್ಟ ಈ ಪಾಡಿನ ಲಾಭ ಏರಿಯ ಮೇಲೆ ಹೋಗುವವನಿಗೂ ಪುಕ್ಕಟೆಯಾಗಿ ದೊರೆಯುತ್ತದೆ. ಹತ್ತು ಮೈಲಿ ತುಳಿದರೂ ಒಂದು ಏರು ಸಿಕ್ಕುವುದಿಲ್ಲ. ಎಪ್ಪತ್ತು ದಾಟಿದ ಮೊಣಕಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿಲ್ಲ. ಎಂಟನೆಯ ತರಗತಿಯ ಹುಡುಗಿಯ ಕಾಲಿಗೂ ಅಷ್ಟೇ.

ಮೊಮ್ಮಗ ಬೆಂಗಳೂರಿನಲ್ಲಿ ಉಪಯೋಗಿಸಿ ಬಿಟ್ಟ ಗೇರಿನ ಸೈಕಲ್ಲೊಂದು ನನಗೆ ಬಂದಿದೆ. ಮೌಂಟನ್ ಬೈಕ್ ಎಂದು ಅದರ ಹೆಸರು. ಹೆಸರು ಕೇಳಿದವರು, ಬೆಟ್ಟ ಹತ್ತಿ ಬಂಡೆಯಿಂದ ಬಂಡೆಗೆ ನೆಗೆಯುವ ಸಾಹಸಿಗಳ ವಾಹನವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದರ ಅಗಲವಾದ ಟಯರು, ಮುಂದಿನ ಚಕ್ರದ ಶಾಕ್ ಅಬ್ಸಾರ್ಬರು, ನೆಟ್ಟಗೆ ಕೂರಲು ಅನುವಾಗುವ ಹ್ಯಾಂಡಲ್ಲು, ಇವೆಲ್ಲ ಮಣ್ಣುದಾರಿಯ ಮುದುಕರಿಗೇ ಹೇಳಿಮಾಡಿಸಿದಂತಿವೆ. ಟಯರಿನಲ್ಲಿ ಗಾಳಿ ಸ್ವಲ್ಪ ಕಡಿಮೆ ಇಟ್ಟುಕೊಂಡರೆ ಬೆಣಚುಕಲ್ಲಿನ ಕುಲುಕಾಟ ಸೊಂಟಕ್ಕೆ ತಟ್ಟುವುದಿಲ್ಲ. ಗೇರುಗಳು ಇಪ್ಪತ್ತೊಂದಿವೆ, ನಾನು ಬಳಸುವುದು ಎರಡನ್ನು. ಹೆಲ್ಮೆಟ್ಟು, ಬಿಗಿಯುಡುಪು, ಕಪ್ಪು ಕನ್ನಡಕ ತೊಟ್ಟು ಬರುವ ತರುಣರನ್ನು ನಾನು ಹಳಿಯುವುದಿಲ್ಲ. ಆದರೆ ಸೈಕಲ್ಲೆಂದರೆ ಒಂದೋ ಗತಿಯಿಲ್ಲದವನ ಗಾಡಿ, ಇಲ್ಲವೇ ಉಳ್ಳವನ ಆಟಿಕೆ ಎಂಬ ಎರಡೇ ಗೂಡುಗಳನ್ನು ನಾವು ಮಾಡಿಕೊಂಡಿದ್ದೇವಲ್ಲ, ಅದನ್ನು ಒಪ್ಪಲಾರೆ. ಇವೆರಡರ ನಡುವೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವರಿದ್ದಾರೆ, ಗದ್ದೆಗೆ ನೀರು ಬಂದಿತೇ ಎಂದು ನೋಡಲು ಹೋಗುವವರಿದ್ದಾರೆ, ಶಾಲೆಯ ಮಕ್ಕಳಿದ್ದಾರೆ, ಸಕ್ಕರೆ ಕಾಯಿಲೆಗೆ ವೈದ್ಯರು ತುಳಿಯಿರಿ ಎಂದ ಕಾರಣಕ್ಕೆ ತುಳಿಯುವ ನನ್ನಂಥವರೂ ಇದ್ದಾರೆ.

ಬೆಳಗಿನ ಆರು ಗಂಟೆಗೆ ಏರಿ ಹತ್ತಿದರೆ ಎಡಗಡೆಗೆ ನೀರು, ಬಲಗಡೆಗೆ ಎರಡಾಳು ತಗ್ಗಿನಲ್ಲಿ ಗದ್ದೆಬಯಲು. ಹೊಂಗೆಯ ಕೊಂಬೆಯಿಂದ ಮಿಂಚುಳ್ಳಿ ನೇರವಾಗಿ ನೀರಿಗೆ ಬೀಳುತ್ತದೆ. ತೂಬಿನ ಬಳಿ ನೀರುಗಂಟಿ ಬೀಡಿ ಹಚ್ಚಿ ಕುಳಿತಿರುತ್ತಾನೆ. ಕಟ್ಟುನೀರಿನ ದಿನಗಳಲ್ಲಿ ಅವನ ಮುಖ ನೋಡಿಯೇ ಮೇಲಿನವರಿಗೂ ಕೊನೆಭಾಗದವರಿಗೂ ನಡೆದಿರುವ ಜಗಳ ಎಲ್ಲಿಗೆ ಬಂದಿದೆಯೆಂದು ತಿಳಿಯಬಹುದು. ಸೋಪಾನದ ಕಲ್ಲಿನ ಮೇಲೆ ಬಟ್ಟೆ ಒಗೆಯುವ ಹೆಂಗಸರು "ಏನ್ ಮೇಷ್ಟ್ರೇ, ಇವತ್ತು ತಡ" ಎನ್ನುತ್ತಾರೆ. ಆಲೆಮನೆಯ ಕಾಲದಲ್ಲಿ ಕೊಪ್ಪರಿಗೆಯ ವಾಸನೆ ಅರ್ಧ ಮೈಲಿ ದೂರದಿಂದಲೇ ಎದುರುಗೊಳ್ಳುತ್ತದೆ. ಇದನ್ನು ನಾನು ಸೊಗಸಿಗಾಗಿ ಬರೆಯುತ್ತಿಲ್ಲ. ಈ ಏರಿಯನ್ನು ಈಗಾಗಲೇ ಯಾರು ಉಪಯೋಗಿಸುತ್ತಿದ್ದಾರೆ ಎಂಬ ಪಟ್ಟಿ ಇದು. ಡಾಂಬರಿನ ಅರ್ಜಿಯಲ್ಲಿ 'ಪ್ರಸ್ತುತ ಉಪಯೋಗವಿಲ್ಲದ ಏರಿ' ಎಂದು ಬರೆದಿದ್ದಾರೆ. ಯಾರ ಕಣ್ಣಿಗೆ ಉಪಯೋಗವಿಲ್ಲ?

ಇಂಥ ದಾರಿಗಳು ನಮ್ಮ ಸೀಮೆಗೆ ಹೊಸವಲ್ಲ. ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದೆಂದು ಹೇಳುತ್ತಾರೆ. ಅದು ಮೇಲ್ಗಾಲುವೆಯಲ್ಲಿ ಕಾವೇರಿಯ ಕವಲನ್ನೇ ದಾಟುವುದನ್ನು ಎಷ್ಟು ಸಲ ನೋಡಿದರೂ ಬೇಸರವಾಗದು. ಚಿಕ್ಕದೇವರಾಜ ಸಾಗರ ನಾಲೆಯ ಹೆಸರಿನಲ್ಲೇ ಅದರ ಕಾಲವಿದೆ. ಕನ್ನಂಬಾಡಿ ಕಟ್ಟೆಯಿಂದ ಬಂದದ್ದು, ಮೊದಲು ಇರ್ವಿನ್ ನಾಲೆಯೆಂದು ಹೆಸರಿದ್ದ ವಿಶ್ವೇಶ್ವರಯ್ಯ ನಾಲೆ. ಅದು ಬರುವ ಮುನ್ನ ರಾಗಿ ಹುರುಳಿಗಳ ಬರಡು ನೆಲವಾಗಿದ್ದ ಭಾಗ ಕಬ್ಬು ಭತ್ತಗಳ ಬಯಲಾಯಿತು, 1939ರಲ್ಲಿ ಪ್ರತ್ಯೇಕ ಜಿಲ್ಲೆಯೂ ಆಯಿತು. ಈ ನಾಲೆಗಳ ಏರಿಯ ಮೇಲೆ ಓಡಾಡಲು ಹಕ್ಕಿದ್ದುದು ಸೌಡಿಗಳಿಗೆ, ತನಿಖೆಗೆ ಬರುವ ಇಂಜಿನಿಯರುಗಳಿಗೆ, ಅವರ ಒಂದು ಜೀಪಿಗೆ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಏರಿ ಆರಂಭವಾಗುವ ಕಡೆ ಅಡ್ಡಗಂಬ ಹಾಕಿ ಬೀಗ ಜಡಿದಿರುತ್ತಿದ್ದರು. ಸೈಕಲ್ಲನ್ನು ಓರೆ ಮಾಡಿ ನುಸುಳಿಸಬಹುದಾಗಿತ್ತು. ದೀಪವಿಲ್ಲದ ಸೈಕಲ್ಲು ಸಿಕ್ಕಿದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದ ಕಾಲ ಅದು. ಏರಿಯ ಮೇಲೆ ಮಾತ್ರ ಆ ಭಯವೂ ಇರಲಿಲ್ಲ. ಅಡ್ಡಗಂಬಗಳು ಒಂದೊಂದಾಗಿ ಮುರಿದವು, ಯಾರೂ ಮತ್ತೆ ನೆಡಲಿಲ್ಲ.

ಅವು ಹೋದ ಮೇಲೆ ಏನಾಯಿತೆಂಬುದನ್ನು ಹೇಳುವಾಗ ನನ್ನ ಲೇಖನಿ ತಡವರಿಸುತ್ತದೆ. 2018ರ ನವೆಂಬರ್ 24ರ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. ಮೂವತ್ತು ಜನ ಸತ್ತರು. ಶನಿವಾರವಾದ್ದರಿಂದ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳು ಅದರಲ್ಲಿದ್ದರು. ಆ ರಾತ್ರಿಯೇ ಅಂಬರೀಷರೂ ತೀರಿಕೊಂಡರು. ಜಿಲ್ಲೆಗೆ ಒಂದೇ ದಿನ ಎರಡು ಸೂತಕ. ದೊಡ್ಡವರ ಸಾವಿನ ಸುದ್ದಿಯಲ್ಲಿ ಆ ಮಕ್ಕಳ ಸುದ್ದಿ ಎರಡೇ ದಿನಕ್ಕೆ ಹಿಂದಿನ ಪುಟಕ್ಕೆ ಸರಿಯಿತು. 2023ರಲ್ಲಿ ಬನಘಟ್ಟದ ಬಳಿ ಕಾರೊಂದು ಇದೇ ನಾಲೆಗೆ ಬಿದ್ದು ಐದು ಜನ ಹೋದರು. ಪ್ರತಿ ಸಲವೂ ತಡೆಗೋಡೆಯ ಮಾತು ಬರುತ್ತದೆ. ಬರಲಿ, ತಡೆಗೋಡೆ ಬೇಕು. ಬಸ್ಸು ಓಡಲೇಬೇಕಾದ ಕಡೆಯಲ್ಲಿ ಇಂದೇ ಬೇಕು. ಆದರೆ ಬಸ್ಸೂ ಕಾರೂ ಓಡದ ಏರಿಯ ಮೇಲೆ ಹೊಸದಾಗಿ ಅವನ್ನು ಓಡಿಸಲು ದಾರಿ ಮಾಡಿ, ಆಮೇಲೆ ಗೋಡೆಗಾಗಿ ಇನ್ನೊಂದು ಅರ್ಜಿ ಬರೆಯುವುದು ಯಾವ ಜಾಣತನ?

ಲೆಕ್ಕದ ಮೇಷ್ಟರ ಚಾಳಿ, ಒಂದು ಸಣ್ಣ ಲೆಕ್ಕ ಮಾಡಿಬಿಡುತ್ತೇನೆ. ಗಂಟೆಗೆ 12 ಕಿಲೋಮೀಟರ್ ಹೋಗುವ ಸೈಕಲ್ಲು ಒಂದು ಸೆಕೆಂಡಿಗೆ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಸಾಗುತ್ತದೆ. ಗಂಟೆಗೆ 60ರಲ್ಲಿ ಹೋಗುವ ಕಾರು ಅದೇ ಸೆಕೆಂಡಿನಲ್ಲಿ ಹದಿನಾರೂವರೆ ಮೀಟರಿಗೂ ಹೆಚ್ಚು ಸಾಗುತ್ತದೆ. ನಮ್ಮ ಏರಿಯ ಅಗಲ ನಾನೇ ಟೇಪು ಹಿಡಿದು ಅಳೆದ ಹಾಗೆ ನಾಲ್ಕು ಮೀಟರು. ಎದುರಿನಿಂದ ಇನ್ನೊಂದು ಕಾರು ಬಂದರೆ ಒಂದು ಪಕ್ಕಕ್ಕೆ ನೀರು, ಇನ್ನೊಂದು ಪಕ್ಕಕ್ಕೆ ಎರಡಾಳು ಆಳದ ಗದ್ದೆ. ಮಣ್ಣಿನ ಗುಂಡಿಗಳಿರುವವರೆಗೆ ಯಾರೂ ಅಲ್ಲಿ ಅರವತ್ತರಲ್ಲಿ ಹೋಗುವುದಿಲ್ಲ. ನುಣುಪಾದ ಡಾಂಬರು ಬಂದ ಮಾರನೆಯ ದಿನವೇ ಹೋಗುತ್ತಾರೆ. ಗುಂಡಿಗಳೇ ನಮ್ಮ ಪೊಲೀಸರು.

"ಹಾಗಾದರೆ ವೇಗವಾಗಿ ಹೋಗಬೇಕಾದವರು ಎಲ್ಲಿಗೆ ಹೋಗಬೇಕು?" ಎಂದು ಕೇಳಬಹುದು. ಅವರಿಗೆಂದೇ ಸರಕಾರ ಒಂದು ದಾರಿ ಕಟ್ಟಿಕೊಟ್ಟಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚಿನಲ್ಲಿ ನಮ್ಮ ಜಿಲ್ಲೆಯಲ್ಲೇ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್, ಎತ್ತಿನ ಗಾಡಿ, ಸೈಕಲ್ಲು ಯಾವುದೂ ಬರಕೂಡದೆಂದು ಅಪ್ಪಣೆಯಾಯಿತು. ಬಿರುಸಿನವರೂ ನಿಧಾನದವರೂ ಒಂದೇ ದಾರಿಯಲ್ಲಿ ಬೆರೆತರೆ ಸಾಯುವವರು ನಿಧಾನದವರು ಎಂಬುದೇ ಅದಕ್ಕೆ ಕೊಟ್ಟ ಕಾರಣ. ನಾನು ಆ ಕಾರಣವನ್ನು ಪೂರ್ಣವಾಗಿ ಒಪ್ಪುತ್ತೇನೆ. ಒಪ್ಪಿಕೊಂಡು, ಅದೇ ತರ್ಕವನ್ನು ತಿರುಗಿಸಿ ಕೇಳುತ್ತೇನೆ: ಬಿರುಸಿನವರಿಗಾಗಿ ನೂರಹದಿನೆಂಟು ಕಿಲೋಮೀಟರ್ ಮೀಸಲಾಗಬಹುದಾದರೆ ನಿಧಾನದವರಿಗಾಗಿ ಮೂರೂಕಾಲು ಕಿಲೋಮೀಟರ್ ಮೀಸಲಾಗಬಾರದೇಕೆ? ಸೈಕಲ್ಲನ್ನು ಹೆದ್ದಾರಿಯಿಂದ ಇಳಿಸಿದಾಗ ಸುಮ್ಮನಿದ್ದವರು, ಕಾರನ್ನು ಏರಿಯಿಂದ ಇಳಿಸಿ ಎಂದಾಗ ಮಾತ್ರ ಅಭಿವೃದ್ಧಿಯ ಹೆಸರೆತ್ತುವುದು ನ್ಯಾಯವಲ್ಲ.

ಇದು ಮುದಿಮೇಷ್ಟರ ಹಟವೆಂದು ನಗುವವರಿಗೆ ಅಮೆರಿಕಾದ ಒಂದು ನಿದರ್ಶನವನ್ನು ಹೇಳಬೇಕು. ಅಲ್ಲಿ ಅಮೆರಿಕಾದ ರಾಜಧಾನಿ ವಾಷಿಂಗ್ಟನ್ನಿನಿಂದ ಕಂಬರ್ಲೆಂಡ್ ಎಂಬ ಊರಿನವರೆಗೆ ಪೊಟೊಮ್ಯಾಕ್ ನದಿಯ ಪಕ್ಕದಲ್ಲೇ ಚೆಸಪೀಕ್ ಮತ್ತು ಒಹಾಯೊ ನಾಲೆ ಎಂಬುದಿದೆ. ನಮ್ಮ ನಾಲೆ ಗದ್ದೆಗಾಗಿ, ಅವರದು ದೋಣಿಗಾಗಿ. ದೋಣಿಯನ್ನು ಹೇಸರಗತ್ತೆಗಳು ದಡದ ಮೇಲೆ ನಡೆಯುತ್ತ ಹಗ್ಗದಿಂದ ಎಳೆಯುತ್ತಿದ್ದವು. ಹಾಗೆ ಅವು ನಡೆದ ದಾರಿಗೆ ಅವರು ಟೋಪಾತ್ ಎನ್ನುತ್ತಾರೆ. 1828ರಲ್ಲಿ ಕೆಲಸ ಆರಂಭವಾಗಿ 1850ರಲ್ಲಿ ಕಂಬರ್ಲೆಂಡ್ ಮುಟ್ಟಿತು; ರೈಲಿನ ಪೈಪೋಟಿ, ನೆರೆಯ ಹೊಡೆತಗಳಿಂದ ಸೋತು 1924ರಲ್ಲಿ ದೋಣಿ ನಿಂತಿತು. ಆಮೇಲೆ ಸರಕಾರ ಅದನ್ನು ಕೊಂಡುಕೊಂಡಿತು. ಪಾಳುಬಿದ್ದ ನಾಲೆಯ ಮೇಲೆ ಮೋಟಾರು ರಸ್ತೆ ಮಾಡೋಣವೆಂಬ ಯೋಜನೆ ಎದ್ದಿತು. ದೊಡ್ಡ ಪತ್ರಿಕೆಯಾದ ವಾಷಿಂಗ್ಟನ್ ಪೋಸ್ಟ್ 1954ರ ಜನವರಿಯಲ್ಲಿ ಅದಕ್ಕೆ ಬೆಂಬಲವಾಗಿ ಸಂಪಾದಕೀಯ ಬರೆಯಿತು. ಆಗ ಅವರ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಎಂಬವರು ಪತ್ರಿಕೆಗೆ ಒಂದು ಕಾಗದ ಬರೆದರು. ನಿಮ್ಮ ಸಂಪಾದಕರು ನನ್ನೊಡನೆ ಒಮ್ಮೆ ಆ ದಾರಿಯುದ್ದಕ್ಕೂ ನಡೆದು ಬರಲಿ, ಆಮೇಲೆ ಏನು ಬೇಕಾದರೂ ಬರೆಯಲಿ ಎಂಬುದು ಅದರ ಸಾರ. ಸಂಪಾದಕರು ಒಪ್ಪಿದರು. ಮಾರ್ಚ್ ತಿಂಗಳ ಚಳಿಯಲ್ಲಿ ಎಂಟು ದಿನ, ಸುಮಾರು 300 ಕಿಲೋಮೀಟರ್. ಹೊರಟವರು ಹಲವರು, ಕೊನೆಯವರೆಗೆ ನಡೆದವರು ಒಂಬತ್ತೇ ಜನ, ಡಗ್ಲಸರು ಅವರಲ್ಲೊಬ್ಬರು. ಪತ್ರಿಕೆ ತನ್ನ ನಿಲುವು ಬದಲಿಸಿತು, ರಸ್ತೆಯ ಯೋಜನೆ ಬಿದ್ದುಹೋಯಿತು. 1971ರಲ್ಲಿ ಆ ನಾಲೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಈಗ ಅಲ್ಲಿ ಮಣ್ಣು ಮತ್ತು ಪುಡಿಗಲ್ಲಿನ ಹಾದಿಯ ಮೇಲೆ ಅಗಲ ಟಯರಿನ ಸೈಕಲ್ಲುಗಳು ಸಾಗುತ್ತವೆ. ಈ ಇಡೀ ದೂರದಲ್ಲಿ ಏರುವ ಎತ್ತರ 600 ಅಡಿಯ ಆಸುಪಾಸು ಮಾತ್ರ.

ನಮ್ಮಲ್ಲಿ ನ್ಯಾಯಮೂರ್ತಿಗಳು ಬಂದು ನಡೆಯಬೇಕಾಗಿಲ್ಲ. ಅರ್ಜಿಗೆ ಸಹಿ ಹಾಕಿದವರು ಒಂದು ಸಲ ಕಾರಿನಿಂದಿಳಿದು ಈ ಮೂರೂಕಾಲು ಕಿಲೋಮೀಟರ್ ನಡೆದರೆ ಸಾಕು. ಮುಕ್ಕಾಲು ಗಂಟೆಯ ಕೆಲಸ.

ರೈತರ ಮಾತು ಬೇರೆ. ಕಬ್ಬು ಕಡಿದ ಮೇಲೆ ಗದ್ದೆಯಿಂದ ಹೊರಗೆ ಸಾಗಿಸಲು ಏರಿಯ ಹೊರತು ಗತಿಯಿಲ್ಲದವರು ನಮ್ಮೂರಿನಲ್ಲಿ ಹತ್ತಾರು ಮನೆಯವರಿದ್ದಾರೆ. ಅವರ ಟ್ರ್ಯಾಕ್ಟರಿಗೆ ತಡೆಯಿರಬಾರದು. ಅಡ್ಡಗಂಬದ ಬೀಗದ ಕೈ ನೀರುಗಂಟಿಯ ಬಳಿ ಇರಲಿ, ಕಟಾವಿನ ಕಾಲದಲ್ಲಿ ತೆರೆದೇ ಇರಲಿ. ರೋಗಿಯನ್ನು ಒಯ್ಯುವ ವಾಹನಕ್ಕೂ ಅಷ್ಟೇ. ಏರಿಯೇ ಊರಿಗಿರುವ ಏಕೈಕ ದಾರಿಯಾಗಿರುವ ಹಳ್ಳಿಗಳೂ ಜಿಲ್ಲೆಯಲ್ಲಿವೆ. ಅಂಥ ಕಡೆ ನನ್ನ ವಾದ ಸಲ್ಲದು, ಅಲ್ಲಿ ಗಟ್ಟಿಯಾದ ಗೋಡೆ ಕಟ್ಟಿ ರಸ್ತೆ ಮಾಡಲಿ. ನಮ್ಮೂರಿಗೆ ಆ ಕಷ್ಟವಿಲ್ಲ. ಮಾರಿಗುಡಿಯ ಹಿಂದಿನಿಂದ ಹೆದ್ದಾರಿಗೆ ಹಳೆಯ ಗಾಡಿದಾರಿಯಿದೆ. ಹಳ್ಳದ ಮೇಲಿನ ಮೋರಿ ಮುರಿದು ಬಿದ್ದುದರಿಂದ ಅದನ್ನು ಬಿಟ್ಟಿದ್ದಾರೆ. ಆ ದಾರಿಯಲ್ಲಿ ಹೋದರೆ ಆರು ನಿಮಿಷ ಹೆಚ್ಚು ಹಿಡಿಯುತ್ತದೆಯಂತೆ. ಆರು ನಿಮಿಷ! ಹೆದ್ದಾರಿಯ ಟೋಲಿನಲ್ಲಿ ಮುಂದಿನವನ ಫಾಸ್ಟ್ಯಾಗ್ ಓದದಿದ್ದರೆ ಅಷ್ಟು ಹೊತ್ತು ಕಾಯುತ್ತಾರೆ.

ಏರಿಯ ಮಣ್ಣಿನ ಮಾತನ್ನೂ ಆಡಿಬಿಡೋಣ. ಅದು ಹೊತ್ತಿರುವುದು ನೀರಿನ ಭಾರವನ್ನು. ಅದರ ನೆತ್ತಿಯ ಮೇಲೆ ಜಲ್ಲಿ ತುಂಬಿದ ಟಿಪ್ಪರುಗಳು ದಿನವೂ ಓಡಾಡಿದರೆ ಏರಿ ಕುಸಿಯುತ್ತದೆ, ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ಜಿನುಗುತ್ತದೆ. ಏರಿ ಒಡೆದರೆ ಮುಳುಗುವುದು ಕೆಳಗಿನ ಗದ್ದೆ, ಒಣಗುವುದು ಕೊನೆಭಾಗದ ಗದ್ದೆ. ಅಡ್ಡದಾರಿ ಹಿಡಿದು ಹೋಗುವ ಕಾರಿನವನಿಗೆ ಎರಡೂ ತಿಳಿಯುವುದಿಲ್ಲ.

ಇನ್ನೊಂದು ಕಡೆಯಿಂದಲೂ ಅಪಾಯವಿದೆ. ನನ್ನ ವಾದವನ್ನು ಕೇಳಿದ ಮತ್ತೊಬ್ಬ ಶಿಷ್ಯ, ಪಟ್ಟಣದಲ್ಲಿ ಹೋಟೆಲು ನಡೆಸುವವನು, ಬಹಳ ಉತ್ಸಾಹದಿಂದ, "ಸಾರ್, ಸೈಕಲ್ ಟ್ರ್ಯಾಕ್ ಮಾಡಿಸಿಬಿಡೋಣ. ಬಣ್ಣದ ಟೈಲ್ಸು, ಲೈಟು, ಸೆಲ್ಫಿ ಪಾಯಿಂಟು, ವಾರದ ಕೊನೆಗೆ ಬೆಂಗಳೂರಿನವರು ಬರ್ತಾರೆ" ಎಂದ. ಅವನಿಗೂ ಕೈಮುಗಿದೆ. ಬಣ್ಣದ ಟೈಲ್ಸಿನ ಮೇಲೆ ಎಮ್ಮೆ ನಡೆಯಕೂಡದೆಂಬ ಫಲಕ ಮೊದಲು ಬರುತ್ತದೆ. ಬಟ್ಟೆ ಒಗೆಯುವವರನ್ನು ಎಬ್ಬಿಸುವ ಕಾವಲುಗಾರ ಆಮೇಲೆ ಬರುತ್ತಾನೆ. ಏರಿಗೆ ಬೇಕಾದದ್ದು ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಗುಂಡಿಗಳಿಗೆ ಗೊಚ್ಚು ಮಣ್ಣು, ಅದರ ಮೇಲೆ ಒಂದು ಸಲ ರೋಲರು. ಬೇರೇನೂ ಬೇಡ.

ಸೈಕಲ್ಲಿನವರಿಗೂ ಎರಡು ಮಾತು ಹೇಳದೆ ಬಿಡಲಾರೆ. ಭಾನುವಾರ ತಂಡ ಕಟ್ಟಿಕೊಂಡು ಬರುವ ತರುಣರು ಏರಿಯ ಮೇಲೆ ಪಂದ್ಯ ಆಡುವುದನ್ನು ನೋಡಿದ್ದೇನೆ. ಇಂಗ್ಲೆಂಡಿನ ನಾಲೆಗಳನ್ನು 2012ರಿಂದ ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಸಂಸ್ಥೆಯ ನಿಯಮದಲ್ಲಿ ಟೋಪಾತಿನ ಮೇಲೆ ಮೊದಲ ಹಕ್ಕು ಕಾಲ್ನಡಿಗೆಯವರದು. ಅಲ್ಲಿನ ಬಾತ್ ಊರಿನ ಬಳಿ ಕೆನೆಟ್ ಅಂಡ್ ಏವನ್ ನಾಲೆಯ ದಡದಲ್ಲಿ ತುಳಿಯುವ ನನ್ನ ಸೋದರಳಿಯ, ಸೇತುವೆಯ ಕೆಳಗೆ ದಾರಿ ಕಿರಿದಾಗುವಲ್ಲಿ ಎಲ್ಲರೂ ಬೆಲ್ಲು ಹೊಡೆದು ನಿಲ್ಲುತ್ತಾರೆಂದು ಬರೆದಿದ್ದಾನೆ. ನಮ್ಮ ಏರಿಯ ಮೇಲೂ ಮೊದಲ ಹಕ್ಕು ಹುಲ್ಲಿನ ಹೊರೆ ಹೊತ್ತ ಹೆಂಗಸಿನದು, ಆಮೇಲೆ ಹಸುವಿನದು, ಕೊನೆಗೆ ನಮ್ಮದು.

2006ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ತಂದಾಗ ನಾನು ಇನ್ನೂ ನೌಕರಿಯಲ್ಲಿದ್ದೆ. ಆ ವರ್ಷ ನಮ್ಮ ಶಾಲೆಗೆ ಪಕ್ಕದ ಹಳ್ಳಿಯಿಂದ ಹನ್ನೊಂದು ಹುಡುಗಿಯರು ಏರಿಯ ಮೇಲೆ ಸಾಲಾಗಿ ತುಳಿದುಕೊಂಡು ಬರತೊಡಗಿದರು. ಅದಕ್ಕೆ ಮುಂಚೆ ಏಳನೆಯದು ಮುಗಿದೊಡನೆ ಅವರ ಅಕ್ಕಂದಿರನ್ನು ಮನೆಯವರು ಬಿಡಿಸಿಬಿಟ್ಟಿದ್ದರು, ಬಸ್ಸಿನ ವೇಳೆ ಸರಿಯಿಲ್ಲವೆಂದು. ಕೊರೋನಾ ಬಂದ ಮೇಲೆ ಆ ವಿತರಣೆ ನಿಂತಿತು. ಆದರೂ ಹಳೆಯ ಸೈಕಲ್ಲುಗಳು ತಂಗಿಯರಿಗೆ ದಾಟಿ, ಈಗಲೂ ಬೆಳಿಗ್ಗೆ ಎಂಟೂವರೆಗೆ ಏಳೆಂಟು ಮಂದಿ ಏರಿಯ ಮೇಲೆ ನನಗೆ ಎದುರಾಗುತ್ತಾರೆ. ಊರಿನ ಉದ್ಧಾರವೆಂದು ಶಿಷ್ಯ ಹೇಳಿದನಲ್ಲ, ಅದು ಆ ಹೊತ್ತಿಗೆ ನನ್ನ ಕಣ್ಣೆದುರಿಗೇ ಬರುತ್ತಿರುತ್ತದೆ. ಡಾಂಬರು ಬಿದ್ದು ಕಾರುಗಳು ಹರಿದಾಡತೊಡಗಿದ ವಾರದೊಳಗೆ ಅವರ ಅಪ್ಪ ಅಮ್ಮಂದಿರು ಸೈಕಲ್ಲನ್ನು ಹಿತ್ತಿಲಿನ ಗೋಡೆಗೆ ಒರಗಿಸುತ್ತಾರೆ. ಅವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ.

ಗ್ರಾಮಸಭೆಗೆ ನಾನೂ ಒಂದು ಅರ್ಜಿ ಬರೆದಿದ್ದೇನೆ. ಏರಿಯ ಎರಡೂ ತುದಿಗೆ ಮೊದಲಿನಂತೆ ಅಡ್ಡಗಂಬ ನೆಡಬೇಕು. ಮಾರಿಗುಡಿಯ ಹಿಂದಿನ ಮೋರಿಯನ್ನು ಕಟ್ಟಿಸಿ, ಡಾಂಬರಿನ ಹಣವನ್ನು ಗಾಡಿದಾರಿಗೆ ಹಾಕಬೇಕು. ಕಾಂಕ್ರೀಟ್ ಹೊದಿಸಿದ ಮೇಲೆ ನಾಲೆಯ ಒಳಬದಿ ಜಾರುಬಂಡೆಯಂತಾಗಿ, ಬಿದ್ದವನಿಗೆ ಈಜು ಬಂದರೂ ಹತ್ತಲು ಹಿಡಿತ ಸಿಕ್ಕುವುದಿಲ್ಲ. ಆದ್ದರಿಂದ ಇನ್ನೂರು ಮೀಟರಿಗೊಂದರಂತೆ ಮೆಟ್ಟಿಲು ಕೊರೆದು ಕಬ್ಬಿಣದ ಬಳೆ ಹಾಕಿಸಬೇಕು. ಸೈಕಲ್ಲಿನವರು ಗದ್ದೆಯ ಬದಿಯಲ್ಲೇ ಸಾಗಬೇಕೆಂದು ಫಲಕ ಬರೆಸಬೇಕು. ಇದುವರೆಗೆ ನಲವತ್ತಮೂರು ಸಹಿಯಾಗಿದೆ; ಬಟ್ಟೆ ಒಗೆಯುವ ಕಲ್ಲಿನ ಬಳಿಯಲ್ಲೇ ಹದಿನೇಳು ಬಿದ್ದವು. ಹೊರ ಊರುಗಳಲ್ಲಿರುವ ನೀವು ಸಹಿ ಹಾಕಲು ಬರುವುದಿಲ್ಲ, ಬಲ್ಲೆ. ಆದರೆ ನಿಮ್ಮಲ್ಲಿ ಹಲವರ ಜಮೀನು ಈ ನಾಲೆಯ ಕೆಳಗಿದೆ, ಅಣ್ಣತಮ್ಮಂದಿರು ಊರಿನಲ್ಲಿದ್ದಾರೆ. ಸಭೆ ಮುಂದಿನ ತಿಂಗಳ ಎರಡನೆಯ ಬುಧವಾರ, ಪಂಚಾಯಿತಿ ಕಟ್ಟಡದಲ್ಲಿ, ಹನ್ನೊಂದು ಗಂಟೆಗೆ. ಅವರಿಗೊಂದು ಫೋನು ಮಾಡಿ.